ಒಂದು ದಿನಕ್ಕೆ ಒಂದೇ ದಾರಿ: ಮಂಗಳೂರು, ಉಡುಪಿಯಿಂದ ಹಳೇ ಕಲ್ಲು ನೋಡಲು ಹೊರಡುವವರಿಗೆ

ಮೂಡುಬಿದಿರೆ, ಕಾರ್ಕಳ, ವೇಣೂರು, ಧರ್ಮಸ್ಥಳ, ಬರುವಾಗ ಗಡಾಯಿಕಲ್ಲು. ಹೀಗೆ ಪಟ್ಟಿ ಹಿಡಿದುಕೊಂಡು ಭಾನುವಾರ ಹೊರಡುವವರು ನಮ್ಮಲ್ಲಿ ಜಾಸ್ತಿ. ಸಂಜೆಗೆ ಫೋನ್ ತುಂಬ ಫೋಟೋ ಇರುತ್ತದೆ, ಯಾವುದು ಯಾವ ಬಸದಿ ಅಂತ ಕೇಳಿದರೆ ಕಾರಿನಲ್ಲಿದ್ದ ಒಬ್ಬರಿಗೂ ಗೊತ್ತಿರುವುದಿಲ್ಲ. ಒಂದು ದಿನಕ್ಕೆ ಒಂದು ದಾರಿ ಹಿಡಿಯಿರಿ. ಆ ದಾರಿಯಲ್ಲಿ ಎರಡು ಊರು ಸಾಕು. ಉಳಿದದ್ದಕ್ಕೆ ಇನ್ನೊಂದು ಭಾನುವಾರ ಇದ್ದೇ ಇದೆ, ಬಸದಿ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮೂಡುಬಿದಿರೆ ಮತ್ತು ಕಾರ್ಕಳ. ಕಾರೇ ಬೇಕು ಅಂತಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್, ಅಲ್ಲಿಂದ ಕಾರ್ಕಳಕ್ಕೆ ಇನ್ನು 18ರ ಹತ್ತಿರ. ಬೆಳಿಗ್ಗೆ ಬೇಗ ಹೊರಡಿ, ತಿಂಡಿ ಬೇಕಾದರೆ ಮೂಡುಬಿದಿರೆಯಲ್ಲೇ ತಿನ್ನಿ. ಯಾಕೆ ಬೇಗ ಅಂದರೆ, ಎಲ್ಲಾ ಕಡೆ ಚಪ್ಪಲಿ ಹೊರಗೆ ಬಿಡಬೇಕು, ಬೇಸಿಗೆಯಲ್ಲಿ ಹನ್ನೊಂದು ಗಂಟೆ ದಾಟಿದ ಮೇಲೆ ಆ ಹಾಸುಗಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ, ಮಕ್ಕಳಿದ್ದರಂತೂ ಅಂಗಳದಲ್ಲೇ ಅಳು ಶುರು. ಹಳೇ ಸಾಕ್ಸ್ ಒಂದು ಜೊತೆ ಬ್ಯಾಗಿನಲ್ಲಿರಲಿ. ಮಧ್ಯಾಹ್ನ ಕೆಲವು ಬಸದಿಗಳ ಬಾಗಿಲು ಹಾಕುವುದೂ ಉಂಟು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಲು ಶುರುವಾದದ್ದು 1430ರಲ್ಲಿ. ಹೋದವರೆಲ್ಲ ಕಂಬ ಎಣಿಸಲು ಹೊರಡುತ್ತಾರೆ. ಅದನ್ನು ಬಿಡಿ, ಕಂಬದಿಂದ ಕಂಬಕ್ಕೆ ಕೆತ್ತನೆ ಹೇಗೆ ಬೇರೆಯಾಗುತ್ತದೆ ನೋಡಿ. ಆಮೇಲೆ ಭೈರಾದೇವಿ ಮಂಟಪದ ಹತ್ತಿರ ಬಂದು ಕೆಳಗೆ ಕೂತುಬಿಡಿ. ಹೌದು, ಕೂತೇ ನೋಡಬೇಕು, ಅಡಿಪಾಯದ ಕಲ್ಲಿನಲ್ಲಿ ಒಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ನಿಂತುಕೊಂಡು ಸೀಲಿಂಗ್ ನೋಡುತ್ತಾ ಹೋದವರಿಗೆ ಇವೆರಡೂ ತಪ್ಪಿಹೋಗುತ್ತವೆ. ಜಿರಾಫೆ ನಮ್ಮ ದೇಶದ ಪ್ರಾಣಿಯೇ ಅಲ್ಲ, ಅಲ್ವಾ? ಮೆಣಸಿಗಾಗಿ ಅರಬರ, ಚೀನಾದವರ ಹಡಗು ಬರುತ್ತಿದ್ದ ಕರಾವಳಿ ಇದು, ಆ ವ್ಯಾಪಾರದ ಗುರುತು ಕಡಲಿನಿಂದ ಇಷ್ಟು ಒಳಗಿನ ಊರಿನ ಕಲ್ಲಿನಲ್ಲಿ ಸಿಗುತ್ತದೆ. ನನಗೆ ಇಡೀ ಬಸದಿಯಲ್ಲಿ ಇಷ್ಟವಾದದ್ದು ಇದೇ ಜಾಗ.

ಅಲ್ಲಿಂದ, ಈ ಊರನ್ನು ಆಳಿದ ಚೌಟರ ಅರಮನೆ ಹತ್ತಿರ. ಮರದ ಕಂಬದ ಮೇಲೆ ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾಗಿರುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗಿರುವ ಪಂಚನಾರಿ ತುರಗ ಇವೆ. ಒಬ್ಬೊಬ್ಬರ ಕೈಕಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳು ತೋರಿಸಿಕೊಂಡು ಹುಡುಕಿ. ಮುಟ್ಟಬೇಡಿ. ಮನೆತನದವರ ಮನೆ ಅದು, ಕೇಳಿಯೇ ಒಳಗೆ ಹೋಗಿ. ಸಮಯ ಉಳಿದರೆ ಕೊಡಂಗಲ್ಲಿನ ಸಮಾಧಿಗಳಿಗೂ ಹೋಗಬಹುದು, ಕೆಂಪುಕಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ್ದಾರೆ, ಜನ ಕಡಿಮೆ.

ಇನ್ನು ಶಾಸನದ ವಿಷಯ. ಸ್ಮಾರಕಗಳ ಮುಂದೆ ನಿಲ್ಲಿಸಿದ ನೀಲಿ ಬೋರ್ಡ್ ನೋಡಿರುತ್ತೀರಿ. ಹಾಳು ಮಾಡಿದರೆ ಏನು ಶಿಕ್ಷೆ ಅಂತ ಅದರಲ್ಲಿ ವಿವರವಾಗಿ ಇರುತ್ತದೆ, ಕಟ್ಟಿದವರು ಯಾರು ಅನ್ನುವುದು ಎಷ್ಟೋ ಕಡೆ ಇರುವುದೇ ಇಲ್ಲ. ಅದು ಇರುವುದು ಪಕ್ಕದಲ್ಲಿ ನಿಂತ ಕಲ್ಲಿನಲ್ಲಿ. ಹಳಗನ್ನಡ ಓದಲು ಬಾರದಿದ್ದರೂ ಕಲ್ಲಿನ ತಲೆಯ ಮೇಲಿನ ಚಿತ್ರ ಓದಬಹುದು. ಸೂರ್ಯ ಚಂದ್ರ ಇದ್ದರೆ, ಅವರಿರುವ ತನಕ ಈ ದಾನ ನಡೆಯಲಿ ಅಂತ. ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಲಿಂಗ ಇದ್ದರೆ ಅದು ಕಾದಾಡಿ ಸತ್ತವನ ನೆನಪಿನ ವೀರಗಲ್ಲು, ಕೆಳಗಿನಿಂದ ಮೇಲಕ್ಕೆ ನೋಡಬೇಕು. ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಮಾಸ್ತಿಗಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಅಕ್ಷರ ಕಾಣಬೇಕಾದರೆ ಬಿಸಿಲು ಓರೆಯಾಗಿ ಬೀಳಬೇಕು, ಬೆಳಿಗ್ಗೆ ಇಲ್ಲವೇ ನಾಲ್ಕರ ಮೇಲೆ. ಮಂಟಪದ ಕತ್ತಲಲ್ಲಿದ್ದರೆ ಫೋನಿನ ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಕಲ್ಲಿಗೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ, ಸವೆದ ಅಕ್ಷರವೂ ಎದ್ದು ಬರುತ್ತದೆ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಏನೂ ಹಚ್ಚಬೇಡಿ. ಹಾಳು ಮಾಡಿದವನಿಗೆ ವಾರಾಣಸಿಯಲ್ಲಿ ಕವಿಲೆ (ಹಸು) ಕೊಂದ ಪಾಪ ಬರಲಿ ಅಂತ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದೇ ಇಟ್ಟಿದ್ದಾರೆ, ನೀಲಿ ಬೋರ್ಡಿಗಿಂತ ಅದು ಖಡಕ್.

ಕಲ್ಲು ಎಲ್ಲಿದೆ ಗೊತ್ತಾಗದಿದ್ದರೆ ಬಸದಿಯ ಇಂದ್ರರನ್ನೋ (ಪೂಜೆ ಮಾಡುವವರು) ಹೂವಿನ ಅಂಗಡಿಯವರನ್ನೋ ಕೇಳಿ. ತುಳು ಬಂದರೆ ಸುಮ್ನೆ "ಮುಲ್ಪ ಶಾಸನ ಉಂಡಾ" (ಇಲ್ಲಿ ಶಾಸನ ಇದೆಯಾ) ಅನ್ನಿ, ಅರ್ಧ ಕೆಲಸ ಆಯಿತು.

ಕಾರ್ಕಳಕ್ಕೆ ಊಟ ಮುಗಿಸಿ, ಬಿಸಿಲು ತಗ್ಗುವ ಹೊತ್ತಿಗೆ ತಲುಪಿ. ಮೊದಲು ಚತುರ್ಮುಖ ಬಸದಿ, 1586ರದ್ದು, ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕೂ ದಿಕ್ಕಿಗೆ ಒಂದೇ ಥರದ ಬಾಗಿಲು, ಯಾವುದರಿಂದ ಇಣುಕಿದರೂ ಅರ, ಮಲ್ಲಿ, ಮುನಿಸುವ್ರತ ಮೂವರು ತೀರ್ಥಂಕರರು. ಒಂದು ಸುತ್ತು ಬಂದರೆ ಹೊರಟದ್ದು ಯಾವ ಬಾಗಿಲಿಂದ ಅಂತ ನಿಜವಾಗಿಯೂ ಮರೆತುಹೋಗುತ್ತದೆ. ಮಾಡಿಗೂ, ಅಂದರೆ ಛಾವಣಿಗೂ, ಕಲ್ಲಿನ ಚಪ್ಪಡಿಯೇ. ಎದುರಿನ ಬೆಟ್ಟದಲ್ಲಿ 42 ಅಡಿಯ ಬಾಹುಬಲಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಅದಕ್ಕೆ ಸಂಜೆಯೇ ಸರಿ, ಬಂಡೆ ಸ್ವಲ್ಪ ತಣಿದಿರುತ್ತದೆ. ವೇಣೂರಿನ 35 ಅಡಿಯ ಬಾಹುಬಲಿ 1604ರದ್ದು, ಫಲ್ಗುಣಿ ಹೊಳೆ ಪಕ್ಕ, ಅದನ್ನು ಇದೇ ದಿನಕ್ಕೆ ತುರುಕಬೇಡಿ.

ಅರ್ಧ ದಿನ ಮಾತ್ರ ಇರುವವರು ಮಂಗಳೂರಿನೊಳಗೇ ತಿರುಗಬಹುದು. ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ, ಪೀಠದಲ್ಲಿ ಆಳುಪ ರಾಜ ಕುಂದವರ್ಮನ 968ರ ಶಾಸನ. ಬಾವುಟಗುಡ್ಡೆ, 1837ರಲ್ಲಿ ಅಮರಸುಳ್ಯದಿಂದ ದಂಡು ಕಟ್ಟಿಕೊಂಡು ಬಂದವರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದು ಹಾರಿಸಿದ ಜಾಗ. ಪಕ್ಕದ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳು. ಕೊನೆಗೆ ಸುಲ್ತಾನ್ ಬತ್ತೇರಿ, ಹೊಳೆಯಿಂದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲುಕಟ್ಟೆ. ಚಿಕ್ಕದು, ಕಾಲು ಗಂಟೆ ಸಾಕು. ಫಿರಂಗಿಯ ಕಿಂಡಿಗಳ ಮುಂದೆ ನಿಂತು ಒಂದೊಂದರಿಂದ ಹೊಳೆಯ ಯಾವ ಭಾಗ ಕಾಣುತ್ತದೆ ನೋಡಿ, ಯಾಕೆ ಇಲ್ಲೇ ಕಟ್ಟಿದರು ಅಂತ ತಿಳಿಯುತ್ತದೆ.

ಉಡುಪಿಯವರಿಗೆ ಇಷ್ಟು ದೂರ ಬರುವ ಅಗತ್ಯವೇ ಇಲ್ಲ, ಬಾರ್ಕೂರು ಇದೆ. ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ರಾಜ್ಯಪಾಲರು ಕೂತ ಊರು. ಇಲ್ಲಿ ಒಂದು ದೊಡ್ಡ ಸ್ಮಾರಕ ಅಂತ ಇಲ್ಲ. ಕೋಟೆಕೇರಿಯ ಪಂಚಲಿಂಗೇಶ್ವರ, ಚೌಳಿಕೇರಿಯ ಗಣಪತಿ, ಕತ್ತಲೆ ಬಸದಿ, ಕೋಟೆಯ ಗುರುತು, ತೋಟದ ನಡುವೆ ಕಲ್ಲು. ಕೇರಿಯಿಂದ ಕೇರಿಗೆ ನಡೆಯಬೇಕು. ಬ್ರಹ್ಮಾವರದಲ್ಲಿ ಬಸ್ ಇಳಿದು ರಿಕ್ಷಾ ಹಿಡಿಯಿರಿ, ನೀರು ಒಯ್ಯಿರಿ. ಮಳೆಗಾಲದಲ್ಲಿ ಹಸಿರು ಚಂದ, ಆದರೆ ಕಲ್ಲಿನ ಮೇಲೆ ಪಾಚಿ ಜಾರುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ನವೆಂಬರ್ ತನಕ ಕಾಯಿರಿ.