ಎಲ್‌ಇಡಿ ಬೆಳಕು ಜಾಸ್ತಿಯಾಯಿತಾ, ಬರೀ ದಿಕ್ಕು ಬದಲಾಯಿತಾ?

ಹಾಸನದ ಒಂದು ಕಾಲೇಜಿನ ಲ್ಯಾಬಿನಲ್ಲಿ, ಒಳಗೇ ಸಿಕ್ಕಿಬೀಳುವ ಬೆಳಕು ಹೆಚ್ಚು ಹೊರಬರಲಿ ಎಂದು, ನಾನು ನೀಲಿ ಎಲ್‌ಇಡಿ ಚಿಪ್‌ಗಳ ಮೇಲೆ ಜಿಂಕ್ ಆಕ್ಸೈಡಿನ ನ್ಯಾನೋ ಕಡ್ಡಿಗಳನ್ನು (ಕಣ್ಣಿಗೆ ಕಾಣದಷ್ಟು ಸಣ್ಣವು) ಬೆಳೆಸಿದೆ. ಬೆಳೆಸುವುದು ಅಂಥ ದೊಡ್ಡ ವಿದ್ಯೆಯಲ್ಲ. ಬೆಳಕು ನಿಜಕ್ಕೂ ಹೆಚ್ಚಿತಾ ಎಂದು ಅಳೆಯುವುದೇ ಕಷ್ಟ.

ಈ ಚಿಪ್‌ಗಳನ್ನು ಮಾಡಿರುವ ಗ್ಯಾಲಿಯಂ ನೈಟ್ರೈಡ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 2.5. ಗಾಳಿಯದು 1. ಹಾಗಾಗಿ 24 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಬಂದ ಬೆಳಕು ಹೊರಗೆ ಬರದೆ ವಾಪಸ್ ಹೋಗುತ್ತದೆ. ನುಣುಪಾದ ಒಂದು ಮುಖದಿಂದ ತಪ್ಪಿಸಿಕೊಳ್ಳುವುದು ಸುಮಾರು ಶೇ 4 ಅಷ್ಟೇ! ಜಿಂಕ್ ಆಕ್ಸೈಡಿನ ಸೂಚ್ಯಂಕ ಸುಮಾರು 2, ಎರಡರ ನಡುವೆ ಮೆಟ್ಟಿಲು ಇಟ್ಟ ಹಾಗೆ. ಮೇಲಾಗಿ ಕಡ್ಡಿಗಳು ಬೆಳಕನ್ನು ಚದುರಿಸುತ್ತವೆ. ಒಮ್ಮೆ ಸಿಕ್ಕಿಬಿದ್ದ ಬೆಳಕಿಗೆ ಬೇರೆ ಕೋನದಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ.

ಮೊದಲು ಜಿಂಕ್ ಅಸಿಟೇಟ್ ದ್ರಾವಣದ ತೆಳು ಪದರ ಹಚ್ಚಿ ಬಿಸಿ ಮಾಡಿದೆ. ಕಡ್ಡಿಗಳು ಬೆಳೆಯಲು ಅದೇ ಬೀಜ. ಆಮೇಲೆ ಜಿಂಕ್ ನೈಟ್ರೇಟ್ ಮತ್ತು ಹೆಕ್ಸಮಿನ್ ಸಮ ಪ್ರಮಾಣದಲ್ಲಿ, ತಲಾ 25 ಮಿಲಿಮೋಲಾರ್ ಸಾಂದ್ರತೆಯಲ್ಲಿ ಕರಗಿಸಿದ ನೀರಿನಲ್ಲಿ ಚಿಪ್ಪನ್ನು ಇಳಿಸಿ, ಓವನ್‌ನಲ್ಲಿ 90 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟೆ. ಚಿಪ್ಪನ್ನು ಮುಖ ಕೆಳಗೆ ಮಾಡಿ ತೂಗುಹಾಕಬೇಕು, ಇಲ್ಲದಿದ್ದರೆ ದ್ರಾವಣದ ಗಸಿ ಮೇಲೆ ಕೂರುತ್ತದೆ. ನೀರು ಡಿಅಯಾನೈಸ್ಡ್ (ಕರಗಿದ ಲವಣ ತೆಗೆದದ್ದು) ಆಗಿರಲೇಬೇಕು, ನಮ್ಮ ಬೋರ್‌ವೆಲ್ ನೀರು ಆಗದು. ಓವನ್ ತೆರೆದಾಗ ವಾಸನೆಗೆ ನಮ್ಮ ಅಟೆಂಡರ್, "ಏನ್ ಮೇಡಂ, ಮೀನು ಬೇಯಿಸ್ತಿದೀರಾ?" ಅಂದರು.

ಇನ್ನು ಅಳತೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಮೀಟರನ್ನು ಚಿಪ್ಪಿನ ಎದುರು ಹಿಡಿದರೆ ಅಂಕಿ ಚೆನ್ನಾಗಿ ಏರಿತ್ತು. ಆದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಕ್ಕಕ್ಕೆ ಹೋಗುತ್ತಿದ್ದ ಬೆಳಕು ಬರೀ ಮುಂದಕ್ಕೆ ತಿರುಗಿದ್ದರೂ ಅಂಕಿ ಏರುತ್ತದೆ, ಅಲ್ವಾ? ಎಲ್ಲ ದಿಕ್ಕಿನ ಬೆಳಕನ್ನೂ ಒಟ್ಟು ಸೇರಿಸುವ ಇಂಟಿಗ್ರೇಟಿಂಗ್ ಸ್ಫಿಯರ್ ನಮ್ಮಲ್ಲಿರಲಿಲ್ಲ. ದೊಡ್ಡ ಥರ್ಮೊಕೋಲ್ ಚೆಂಡಿನ ಒಳಗೆ ಬೇರಿಯಂ ಸಲ್ಫೇಟ್ ಬಳಿದು, ಚಿಪ್ಪಿನ ನೇರ ಬೆಳಕು ಸೆನ್ಸರಿಗೆ ಬೀಳದಂತೆ ಸಣ್ಣ ಅಡ್ಡ ತಡೆ ಇಟ್ಟು ಮಾಡಿಕೊಂಡೆ. ಒಟ್ಟು ಬೆಳಕು ಎಷ್ಟು ಲ್ಯೂಮೆನ್ ಅಂತ ಇದು ಹೇಳುವುದಿಲ್ಲ. ಅದೇ ಚಿಪ್ಪಿನ ಮೊದಲಿನ ಮತ್ತು ನಂತರದ ಹೋಲಿಕೆಗೆ ಸಾಕು.

ಎರಡೂ ಸಲ ಕರೆಂಟ್ 20 ಮಿಲಿಆಂಪ್. ಚಿಪ್ ಬಿಸಿಯಾದರೆ ಬೆಳಕು ಇಳಿಯುವುದರಿಂದ, ಎರಡೂ ಸಲ ಎಲ್‌ಇಡಿ ಹಚ್ಚಿ ಅಷ್ಟೇ ಹೊತ್ತಾದ ಮೇಲೆ ಅಂಕಿ ಓದಿದೆ. ಚೆಂಡಿನೊಳಗೂ ಏರಿಕೆ ಇತ್ತು, ಲಕ್ಸ್ ಮೀಟರ್ ತೋರಿಸಿದ್ದಕ್ಕಿಂತ ಬಹಳ ಕಮ್ಮಿ. ನಾನು ಬರೆದುಕೊಂಡದ್ದು ಈ ಕಮ್ಮಿ ಅಂಕಿಯನ್ನೇ.