ನಾಯಿ ಜೊತೆ ಬಂಡೀಪುರ ದಾಟುವಾಗ

ಬಂಡೀಪುರದ ಸಫಾರಿಗೆ ನಾಯಿಯನ್ನು ಬಿಡುವುದಿಲ್ಲ. ಬಸ್ಸಿಗೂ ಇಲ್ಲ, ಜೀಪಿಗೂ ಇಲ್ಲ, ತೊಡೆಯ ಮೇಲೆ ಕೂರುವಷ್ಟು ಪುಟ್ಟದಾದರೂ ಇಲ್ಲ. ಆದರೆ ಗುಂಡ್ಲುಪೇಟೆಯಿಂದ ಗೂಡಲೂರು, ಊಟಿ ಕಡೆಗೆ ಹೊರಟವರು ಅದೇ ಕಾಡನ್ನು ಹೆದ್ದಾರಿಯಲ್ಲಿ ಹಾಯಬೇಕಾಗುತ್ತದೆ. ಹೀಗೆ ಹಾದುಹೋಗಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿದೆ. ಇಳಿದು ಅಡ್ಡಾಡಲು ಇಲ್ಲ. ನಾಯಿಯ ಪಾಲಿಗೆ ಬಂಡೀಪುರವೆಂದರೆ ಕಾರಿನೊಳಗೇ ಮುಗಿಯುವ ದಾರಿ.

ಈ ಕಟ್ಟುನಿಟ್ಟಿಗೆ ಬೊಗಳುವುದಷ್ಟೇ ಕಾರಣವಲ್ಲ, ರೋಗವೂ ಕಾರಣ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಹಲವದರಲ್ಲಿ ಸಿಕ್ಕಿದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. ಬಂಡೀಪುರದ ಸೀಳುನಾಯಿಗಳು ನಮ್ಮ ನಾಯಿಗಳ ಹತ್ತಿರದ ಬಂಧುಗಳು, ಈ ರೋಗವೂ ರೇಬೀಸೂ ಅವಕ್ಕೆ ಸುಲಭವಾಗಿ ತಗಲುತ್ತವೆ. ಆದ್ದರಿಂದ ಡಿಸ್ಟೆಂಪರ್, ಪಾರ್ವೊ, ಲೆಪ್ಟೊ, ರೇಬೀಸ್ ಲಸಿಕೆಗಳ ಅವಧಿ ಮೀರಿದ್ದರೆ ಹೊರಡುವ ಎರಡು ವಾರ ಮೊದಲೇ ಹಾಕಿಸಿ. ಹಿಂದಿನ ದಿನ ಚುಚ್ಚಿಸಿದರೆ ರಕ್ಷಣೆ ಬಂದಿರುವುದಿಲ್ಲ. ಲಸಿಕೆ ಪುಸ್ತಕ ಕಾರಿನಲ್ಲೇ ಇರಲಿ. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಕರೆತರಲೇಬೇಡಿ.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆ ಮುಚ್ಚಿರುತ್ತದೆ. ಹಗಲಲ್ಲೂ ನಡು ಹೊತ್ತೇ ಒಳ್ಳೆಯದು, ಮುಂಜಾನೆ ಮತ್ತು ಮುಸ್ಸಂಜೆ ಆನೆಗಳು ರಸ್ತೆಬದಿಗೆ ಬರುವ ಸಮಯ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡಿ. ಮಸಿನಗುಡಿ ಮೇಲೆ ಹೋಗುವವರಿಗೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಿವೆ. ವಾಂತಿ ಮಾಡುವ ನಾಯಿಗೆ ಪಶುವೈದ್ಯರಿಂದ ತೂಕಕ್ಕೆ ತಕ್ಕ ಮಾತ್ರೆ ಮೊದಲೇ ಬರೆಸಿಕೊಳ್ಳಿ. ಮಲ ಮೂತ್ರ ಎಲ್ಲ ಗುಂಡ್ಲುಪೇಟೆಯಲ್ಲೇ ಮುಗಿಯಲಿ. ಅಲ್ಲಿ ಹದಿನೈದು ನಿಮಿಷ ನಡೆಸದೆ ಹೊರಟವರೇ ಕಾಡಿನ ನಡುವೆ ಕಾರು ನಿಲ್ಲಿಸುವವರು. ಮಲ ಎತ್ತಲು ಹಳೆ ಪೇಪರ್ ಇಟ್ಟುಕೊಳ್ಳಿ, ನೀಲಗಿರಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ.

ಚೆಕ್‌ಪೋಸ್ಟ್ ಬರುವ ಮೊದಲೇ ನಾಯಿಯನ್ನು ಹಿಂದಿನ ಸೀಟಿಗೆ ಹಾಕಿ, ಎದೆಗೆ ತೊಡಿಸುವ ಹಾರ್ನೆಸ್ಸನ್ನು ಸೀಟ್‌ಬೆಲ್ಟಿಗೆ ಬಿಗಿಯಿರಿ. ಕೊರಳಪಟ್ಟಿಗೆ ಬಿಗಿದರೆ ಬ್ರೇಕ್ ಹೊಡೆದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಎಸಿ ಹಾಕಿ, ಗಾಜು ಪೂರ್ತಿ ಏರಿಸಿ, ಹಿಂದಿನ ಕಿಟಕಿಗೆ ಬಟ್ಟೆ ಇಳಿಬಿಡಿ. ನಾಯಿ ಬೊಗಳುವುದು ಹೆಚ್ಚಾಗಿ ಕಂಡದ್ದಕ್ಕೆ. ಜಿಂಕೆ, ಕೋತಿ ಕಣ್ಣಿಗೆ ಬೀಳದಿದ್ದರೆ ಅರ್ಧ ಗಲಾಟೆ ಇಲ್ಲ. ಆನೆ ಅಡ್ಡ ನಿಂತರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡಬೇಡಿ, ಇಂಜಿನ್ ಆಫ್ ಮಾಡಬೇಡಿ. ನಾಯಿಯನ್ನು ಗದರಿಸಿದರೆ ಅದು ಇನ್ನೂ ಕೆರಳುತ್ತದೆ, ಮೈ ಮೇಲೆ ಕೈಯಿಟ್ಟು ಮೆಲ್ಲಗೆ ಮಾತಾಡಿಸಿ.

ಮನೆಮಂದಿಗೆ ಸಫಾರಿ ಆಸೆಯಿದ್ದರೆ ಒಬ್ಬರು ನಾಯಿಯ ಜೊತೆ ಕೋಣೆಯಲ್ಲಿ ಉಳಿಯಿರಿ, ಮರುದಿನ ಸರದಿ ಬದಲಿಸಿ. ನಿಲ್ಲಿಸಿದ ಕಾರಿನಲ್ಲಿ ಬಿಡುವುದು ಕೊಲ್ಲುವುದಕ್ಕೆ ಸಮ: ಹೊರಗೆ 24 ಡಿಗ್ರಿಯಿದ್ದರೂ ಬಿಸಿಲಲ್ಲಿ ಹತ್ತೇ ನಿಮಿಷದಲ್ಲಿ ಒಳಗೆ ಹತ್ತು ಡಿಗ್ರಿ ಏರುತ್ತದೆ. ಕಾಡಂಚಿನ ಹೋಂಸ್ಟೇಗಳಲ್ಲಿ ನಾಯಿಗೆ ಕಟ್ಟೆಯೋ ಶೆಡ್ಡೋ ತೋರಿಸಿದರೆ ಒಪ್ಪಬೇಡಿ. ಚಿರತೆಗೆ ನಾಯಿ ಸುಲಭದ ಬೇಟೆ, ಕಟ್ಟಿಹಾಕಿದ ನಾಯಿ ಇನ್ನೂ ಸುಲಭ. ಕತ್ತಲಾದ ಮೇಲೆ ಅದು ಬಾಗಿಲು ಹಾಕಿದ ಕೋಣೆಯೊಳಗಿರಬೇಕು. ಕೊನೆಯ ಸಲ ಹೊರಗೆ ಕರೆದೊಯ್ಯುವುದು ಸೂರ್ಯ ಮುಳುಗುವ ಮೊದಲೇ, ಗಿಡ್ಡ ಹಗ್ಗದಲ್ಲಿ.

ಇನ್ನುಳಿದದ್ದು ಉಣ್ಣಿ, ನಾಯಿಯ ರಕ್ತ ಹೀರಿ ಜ್ವರ ಹರಡುವ ಹುಳ. ತಡೆಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿ ಔಷಧಿ ಎರಡು ಮೂರು ದಿನ ಮೊದಲೇ ಆಗಿರಲಿ. ಪ್ರತಿದಿನ ಸಂಜೆ ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ತಡಕಿ ನೋಡಿ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಬರಿಗೈಯಲ್ಲಿ ಹಿಸುಕುವುದೂ ಬೇಡ. ಊರಿಗೆ ಬಂದು ಒಂದರಿಂದ ಮೂರು ವಾರದೊಳಗೆ ನಾಯಿ ಊಟ ಬಿಟ್ಟರೆ, ಮಂಕಾದರೆ, ಮೂಗಲ್ಲಿ ರಕ್ತ ಬಂದರೆ, ಕಾಡಂಚಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ ಅಂದೇ ರಕ್ತ ಪರೀಕ್ಷೆ ಮಾಡಿಸಿ.