ಹೆಗಲು ಕಟ್ಟುವ ಹೈ ಪುಲ್: ಕಾಲಿನಿಂದ ಶುರು ಮಾಡಿ

ಗಂಗಾವತಿಯ ಯಾವುದಾದರೂ ಅಕ್ಕಿ ಗಿರಣಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆ.ಜಿ. ಇಬ್ಬರು ಹಮಾಲರು ಎದುರುಬದುರು ನಿಂತು ಚೀಲದ ಮೂಲೆ ಹಿಡಿಯುತ್ತಾರೆ. ಮೊಣಕಾಲು ಸ್ವಲ್ಪ ಮಡಚುತ್ತಾರೆ. ತೋಳು ಹಗ್ಗದ ಹಾಗೆ ನೆಟ್ಟಗೆ ಜೋತುಬಿದ್ದಿರುತ್ತದೆ. ಆಮೇಲೆ ಒಂದೇ ಉಸಿರಿಗೆ ಕಾಲು ಚಾಚುತ್ತಾರೆ, ಚೀಲ ಮೇಲೆದ್ದು ಮೂರನೆಯವನ ಬೆನ್ನ ಮೇಲೆ ಕೂರುತ್ತದೆ. ಅವರ ಹೆಡಕಿನಿಂದ ಹೆಗಲಿಗೆ ಇಳಿದ ದಪ್ಪ ಸ್ನಾಯು ಇದೆಯಲ್ಲ, ಜಿಮ್ಮಿನಲ್ಲಿ ನಾವು ಟ್ರ್ಯಾಪ್ಸ್ ಅನ್ನುವುದು ಅದಕ್ಕೇ.

ಹಾಗಂತ ಟ್ರ್ಯಾಪ್ಸ್ ಬರೀ ಹೆಗಲ ಮೇಲಿನ ಉಬ್ಬಲ್ಲ. ತಲೆಬುರುಡೆಯ ಹಿಂಭಾಗದಿಂದ ಶುರುವಾಗಿ, ಎರಡೂ ಹೆಗಲಿಗೆ ಹರಡಿ, ಗಾಳಿಪಟದ ಹಾಗೆ ಬೆನ್ನಿನ ನಡುವಿನ ತನಕ ಇಳಿಯುತ್ತದೆ. ಮೇಲಿನ ಭಾಗ ಹೆಗಲನ್ನು ಎತ್ತುತ್ತದೆ. ನಡುವಿನದು ಹೆಗಲಮೂಳೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೆಳಗಿನದು ಅದನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಡಂಬೆಲ್ ಹಿಡಿದು ಹೆಗಲನ್ನಷ್ಟೇ ಎತ್ತಿ ಇಳಿಸುವ ಶ್ರಗ್ಸ್ ಒಂದನ್ನೇ ಹೊಡೆದರೆ ಹೆಚ್ಚು ದುಡಿಯುವುದು ಮೇಲಿನ ಭಾಗ. ಬಾರ್ಬೆಲ್ಲನ್ನು ಝಾಡಿಸಿ ಎದೆಯವರೆಗೆ ಎತ್ತುವ ಹೈ ಪುಲ್, ಹೆಗಲ ಮೇಲೆ ಹಿಡಿಯುವ ಪವರ್ ಕ್ಲೀನ್‌ಗಳಲ್ಲಿ ಕಾಲಿನ ಶಕ್ತಿ ರಾಡಿಗೆ ತಲುಪುವ ದಾರಿಯೇ ಮೇಲ್ಬೆನ್ನು. ಅದಕ್ಕೇ ಅದು ಪೂರ್ತಿ ದುಡಿಯುತ್ತದೆ.

ವೇಟ್ ಲಿಫ್ಟರ್ ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು 49 ಕೆ.ಜಿ. ವಿಭಾಗದಲ್ಲಿ. ರಾಡನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಆಂಡ್ ಜರ್ಕ್‌ನಲ್ಲಿ ಅವರು ಎತ್ತಿದ್ದು 115 ಕೆ.ಜಿ. ಮೈತೂಕದ ಎರಡು ಪಟ್ಟಿಗೂ ಜಾಸ್ತಿ. ಬರೀ ರಟ್ಟೆಬಲದಿಂದ ಅದು ಆಗುವ ಕೆಲಸವೇ ಅಲ್ಲ, ಅಲ್ವಾ?

ನಾನು ಇದನ್ನು ತಪ್ಪಾಗಿ ಕಲಿತು ಅನುಭವಿಸಿದ್ದೇನೆ. 60 ಕೆ.ಜಿ. ಹಾಕಿಕೊಂಡು ಬರೀ ಕೈಯಿಂದ ಜಗ್ಗುತ್ತಿದ್ದೆ. ಮೂರು ತಿಂಗಳಲ್ಲಿ ಮೊಣಕೈ ನೋವು ಹಿಡಿಯಿತು. ಚಹಾದ ಲೋಟ ಎತ್ತಿದರೂ ಚುಳ್ ಅನ್ನುತ್ತಿತ್ತು. ನಮ್ಮ ಓಣಿಯ ಹಿರಿಯ ಹಮಾಲರೊಬ್ಬರು ಒಂದು ದಿನ ನೋಡಿ ಹೇಳಿದರು: "ಕೈಲೆ ಎತ್ತಬ್ಯಾಡೋ ತಮ್ಮಾ, ಕಾಲಿಲೆ ಎತ್ತು. ಕೈ ಬರೇ ಹಿಡಿಯಾಕ." ಆಮೇಲೆ ಸಿಕ್ಕ ಕೋಚ್ ಕೂಡ ಹೇಳಿದ್ದು ಇದನ್ನೇ.

ಮೊದಲು ಹೈ ಪುಲ್ ಕಲಿಯಿರಿ ಅನ್ನುವುದು ನನ್ನ ಸಲಹೆ. ಪವರ್ ಕ್ಲೀನ್‌ನಲ್ಲಿ ರಾಡನ್ನು ಹೆಗಲ ಮೇಲೆ ಹಿಡಿಯಬೇಕು. ಅದಕ್ಕೆ ಮಣಿಕಟ್ಟು ಬಾಗಬೇಕು, ರಾಡಿನ ತುದಿ ಸಲೀಸಾಗಿ ತಿರುಗಬೇಕು. ನಮ್ಮೂರಿನ ಎಷ್ಟೋ ಜಿಮ್ಮುಗಳ ರಾಡ್ ಹಾಗೆ ತಿರುಗುವುದಿಲ್ಲ. ಹೈ ಪುಲ್‌ಗೆ ಆ ತೊಂದರೆ ಇಲ್ಲ, ಮೇಲ್ಬೆನ್ನಿಗೆ ಸಿಗುವ ಕೆಲಸ ಏನೂ ಕಡಿಮೆಯಾಗುವುದಿಲ್ಲ.

ರಾಡಿನ ತೂಕ ಮೊದಲು ನೋಡಿಕೊಳ್ಳಿ. ಒಲಿಂಪಿಕ್ ರಾಡ್ ಗಂಡಸರಿಗೆ 20 ಕೆ.ಜಿ., ಹೆಂಗಸರಿಗೆ 15 ಕೆ.ಜಿ. ಸಾದಾ ರಾಡ್ ಎಷ್ಟಾದರೂ ಇರಬಹುದು, ತೂಕ ಹಾಕಿಯೇ ಬರೆದಿಟ್ಟುಕೊಳ್ಳಿ. ಎರಡು ವಾರ ಖಾಲಿ ರಾಡ್ ಸಾಕು.

ಹಿಡಿತ ಮತ್ತು ನಿಲುವು

ಪಾದ ಸೊಂಟದ ಅಗಲಕ್ಕೆ ಇರಲಿ. ಕೈ ಹೆಗಲಿಗಿಂತ ಸ್ವಲ್ಪ ಅಗಲ. ಹೆಬ್ಬೆರಳನ್ನು ರಾಡಿಗೆ ಸುತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳು ಬಿಗಿಯಿರಿ. ಇದಕ್ಕೆ ಹುಕ್ ಗ್ರಿಪ್ ಅನ್ನುತ್ತಾರೆ. ಮೊದಲ ವಾರ ಹೆಬ್ಬೆರಳು ನೋಯುತ್ತದೆ, ಆಮೇಲೆ ಒಗ್ಗಿಹೋಗುತ್ತದೆ.

ನೆಲದಿಂದ ಎತ್ತಬೇಡಿ. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ ಒಂದು ಗೇಣಷ್ಟು ಮೇಲಿರುತ್ತದೆ. ನಮ್ಮಲ್ಲಿನ 5, 10 ಕೆ.ಜಿ. ಕಬ್ಬಿಣದ ಪ್ಲೇಟ್ ಚಿಕ್ಕವು. ರಾಡ್ ತೀರಾ ಕೆಳಗಿದ್ದು ಬೆನ್ನು ಗೂನಾಗುತ್ತದೆ. ಅದಕ್ಕೇ ಸ್ಟ್ಯಾಂಡಿನಿಂದ ತೆಗೆದುಕೊಂಡು ನೆಟ್ಟಗೆ ನಿಂತು ಶುರು ಮಾಡಿ.

ಈಗ ಸೊಂಟವನ್ನು ಹಿಂದಕ್ಕೆ ತಳ್ಳಿ. ಎರಡೂ ಕೈಯಲ್ಲಿ ಸಾಮಾನು ಇದ್ದಾಗ ಕುಂಡಿಯಿಂದ ಬಾಗಿಲು ಮುಚ್ಚುತ್ತೇವಲ್ಲ, ಹಾಗೆ. ರಾಡ್ ತೊಡೆಗೆ ಒರಗಿಕೊಂಡೇ ಜಾರಿ ಮೊಣಕಾಲಿಗಿಂತ ತುಸು ಮೇಲೆ ನಿಲ್ಲಲಿ. ಬೆನ್ನು ಹಲಗೆಯಷ್ಟು ನೆಟ್ಟಗೆ, ಹೆಗಲು ರಾಡಿಗಿಂತ ತುಸು ಮುಂದೆ, ತೋಳು ಸಡಿಲ. ಹೊಟ್ಟೆ ತುಂಬ ಉಸಿರು ತುಂಬಿ ಹಿಡಿಯಿರಿ.

ಝಾಡಿಸುವ ಕ್ಷಣ

ಇಲ್ಲಿಂದ ಮುಂದಿನದೆಲ್ಲ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಅದನ್ನೇ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಜಾಗದಲ್ಲೇ ಮೇಲಕ್ಕೆ ಜಿಗಿಯುವವರ ಹಾಗೆ ನೆಲವನ್ನು ಒದೆಯಿರಿ. ಸೊಂಟ ಮುಂದಕ್ಕೆ ಬರುತ್ತದೆ, ಮೊಣಕಾಲು ನೆಟ್ಟಗಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ರಾಡ್ ತೊಡೆಯ ಮೇಲ್ಭಾಗ ಸವರಿಕೊಂಡು ಹೋಗಬೇಕು. ಅಷ್ಟರಲ್ಲಿ ಎರಡೂ ಹೆಗಲನ್ನು ಕಿವಿಯ ಕಡೆ ಜೋರಾಗಿ ಎತ್ತಿ. ಟ್ರ್ಯಾಪ್ಸ್ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಈ ಗಳಿಗೆಯಲ್ಲೇ. ಇಲ್ಲಿಯವರೆಗೂ ಮೊಣಕೈ ಮಡಚಿರಬಾರದು. ರಾಡಿಗೆ ವೇಗ ಸಿಕ್ಕ ಮೇಲಷ್ಟೇ ಮೊಣಕೈ ಹೊರಕ್ಕೆ, ಮೇಲಕ್ಕೆ ಹೋಗುತ್ತದೆ.

ರಾಡ್ ಎದೆಯ ಕೆಳಭಾಗಕ್ಕೆ ಬಂದರೆ ಸಾಕು. ಗಲ್ಲದವರೆಗೂ ಎಳೆಯುವವರಿದ್ದಾರೆ, ಅದು ಹೆಗಲಿನ ಕೀಲಿಗೆ ಒಳ್ಳೆಯದಲ್ಲ. ಮೊಣಕೈ ಹೆಗಲಿನ ಮಟ್ಟ ದಾಟದಿರಲಿ. ಇಳಿಸುವಾಗ ಮೈಗೆ ಹತ್ತಿರವೇ ಇಳಿಸಿ, ಮೊಣಕಾಲು ಮಡಚಿ ಭಾರವನ್ನು ತೊಡೆಯ ಮೇಲೆ ತಡೆಯಿರಿ.

ಸರಿಯಾಯಿತೋ ಇಲ್ಲವೋ ತಿಳಿಯಲು ಫೋನನ್ನು ಪಕ್ಕದಲ್ಲಿಟ್ಟು ವಿಡಿಯೊ ಮಾಡಿಕೊಳ್ಳಿ. ಹಿಮ್ಮಡಿ ಏಳುವ ಮೊದಲೇ ಮೊಣಕೈ ಮಡಚಿದ್ದರೆ ಕೈಯಿಂದ ಎಳೆದಿದ್ದೀರಿ. ರಾಡ್ ಮೈಯಿಂದ ದೂರ ಹೋಗಿ ಬಿಲ್ಲಿನ ಹಾಗೆ ಸುತ್ತಿ ಬಂದರೆ ಸೊಂಟದಿಂದ ಅದನ್ನು ಮುಂದಕ್ಕೆ ಗುದ್ದಿದ್ದೀರಿ. ಹಾಗಾದಾಗ ತೂಕ ಇಳಿಸಿ, ರಾಡ್ ಅಂಗಿಯ ಗುಂಡಿ ಸವರಿಕೊಂಡು ಹೋಗಬೇಕು ಅಂದುಕೊಂಡು ಮತ್ತೆ ಮಾಡಿ.

ಒಂದು ಸೆಟ್ಟಿಗೆ ಮೂರು ಸಲ, ಅಂಥ ಐದು ಸೆಟ್. ನಡುವೆ ಎರಡರಿಂದ ಮೂರು ನಿಮಿಷ ಕೂತುಕೊಳ್ಳಿ. ಹತ್ತು, ಹನ್ನೆರಡು ಸಲ ಮಾಡಿದರೆ ದಣಿವಾಗಿ ವೇಗ ಸಾಯುತ್ತದೆ. ಬೇರೆ ವ್ಯಾಯಾಮಕ್ಕಿಂತ ಮೊದಲು, ಮೈ ಬಿಸಿಯಾದ ತಕ್ಷಣ ಇದನ್ನು ಮುಗಿಸಿ. ವಾರಕ್ಕೆ ಎರಡು ದಿನ ಸಾಕು.

ಎರಡು ತಿಂಗಳಾದ ಮೇಲೆ ಹಿಡಿತ ಅಗಲ ಮಾಡಿ ನೋಡಿ. ನೆಟ್ಟಗೆ ನಿಂತಾಗ ರಾಡ್ ತೊಡೆಸಂದಿನ ಮಟ್ಟಕ್ಕೆ ಬರುವಷ್ಟು ಅಗಲ. ಹೆಗಲಮೂಳೆಗಳ ನಡುವೆ, ಮೇಲ್ಬೆನ್ನಿನಲ್ಲಿ ಮರುದಿನ ಗೊತ್ತಾಗುತ್ತದೆ. ತೂಕ ಮಾತ್ರ ಕಡಿಮೆ ಇರಲಿ.

ಒಂದು ಮಾತು ನೇರವಾಗಿ ಹೇಳಬೇಕು. ಝಾಡಿಸುವ ವ್ಯಾಯಾಮವೊಂದರಿಂದಲೇ ಬೆನ್ನು ದಪ್ಪ ಆಗುವುದಿಲ್ಲ. ಸ್ನಾಯುವಿನ ಮೇಲೆ ಭಾರ ಇರುವ ಹೊತ್ತು ಇದರಲ್ಲಿ ತೀರಾ ಕಡಿಮೆ. ಅದೇ ದಿನ ಬಾರ್ಬೆಲ್ ರೋ (ಮುಂದಕ್ಕೆ ಬಾಗಿ ನಿಂತು ರಾಡನ್ನು ಹೊಟ್ಟೆಯ ಕಡೆ ಎಳೆಯುವುದು) ಎಂಟರಿಂದ ಹತ್ತು ಸಲದ ಮೂರು ಸೆಟ್, ಆಮೇಲೆ ಎರಡು ಕೈಯಲ್ಲಿ ಭಾರ ಹಿಡಿದು 30 ಮೀಟರ್ ನಡಿಗೆ ಸೇರಿಸಿ. ಊಟದಲ್ಲಿ ಮೈತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಇರಲಿ. ಮೊಟ್ಟೆ, ಬೇಳೆಕಾಳು, ಮೊಸರು, ಶೇಂಗಾ, ಯಾವುದಾದರೂ ಸರಿ. ಡಿಸ್ಕ್ ತೊಂದರೆ, ಬಿಪಿ, ಹೆಗಲಿನ ಹಳೇ ಪೆಟ್ಟು ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ನಮ್ಮ ಜಿಮ್ಮುಗಳ ನೆಲ ಹೆಚ್ಚಾಗಿ ಫರಸಿ ಕಲ್ಲು. ಕಬ್ಬಿಣದ ಪ್ಲೇಟ್ ಬಿದ್ದರೆ ಬಿರುಕು ಬಿಡುತ್ತದೆ. ಗುಜರಿಯಲ್ಲಿ ಹಳೇ ಕನ್ವೇಯರ್ ಬೆಲ್ಟ್ ಸಿಕ್ಕರೆ ಎರಡು ಪದರ ಹಾಸಿಕೊಳ್ಳಿ. ಬೇಸಿಗೆಯಲ್ಲಿ ಕೊಪ್ಪಳ, ರಾಯಚೂರು ಕಡೆ 40 ಡಿಗ್ರಿ ದಾಟಿದಾಗ ಅಂಗೈ ಬೆವೆತು ರಾಡ್ ಜಾರುತ್ತದೆ. ಆ ಎರಡು, ಮೂರು ತಿಂಗಳು ಬೆಳಿಗ್ಗೆ ಆರಕ್ಕೇ ಬನ್ನಿ. ಜಿಮ್ಮಿನ ಚಾಕ್ ಪುಡಿಯ ಡಬ್ಬಿ ಪಕ್ಕದಲ್ಲೇ ಇರಲಿ, ಪ್ರತಿ ಸೆಟ್ಟಿಗೂ ಮೊದಲು ಬಟ್ಟೆಯಿಂದ ರಾಡ್ ಒರೆಸಿ.